ಜಿರಳೆಗೆ ಬಳಿದ ನೀಲಿ ಬಣ್ಣ

ಜಿರಳೆಗೆ ನೀಲಿ ಬಣ್ಣ ಬಳಿಸಿದ್ದಾರೆ ಎಂದು ಲಾರಿ ಡ್ರೈವರ್ ಫೋನ್ ಮಾಡಿ ಹೇಳಿದಾಗಲೇ ನನಗೆ ಮೈಯೆಲ್ಲ ಉರಿಯಿತು. ಒಳಚರಂಡಿಯ ಪೈಪಿನೊಳಗೆ ತೆವಳುವ ಯಂತ್ರಕ್ಕೆ ಬಣ್ಣ ಏತಕ್ಕೆ? ಹೆಣಕ್ಕೆ ಶೃಂಗಾರ ಮಾಡಿದ ಹಾಗೆ ಎನ್ನುತ್ತಾರಲ್ಲ, ಇದು ಅದಕ್ಕಿಂತ ಒಂದು ಕೈ ಮೇಲು. ಅದೂ ಎಂಥ ನೀಲಿ ಅಂತೀರಿ, ಮಕ್ಕಳ ಪ್ಲಾಸ್ಟಿಕ್ ಬಕೆಟ್ಟಿನ ನೀಲಿ.

ಜಿರಳೆ ನಾನೇ ಕಟ್ಟಿದ ಗಾಡಿ. ಅದಕ್ಕೂ ಮೊದಲು ನಾನು ಒಂದು ಅಂಗಡಿಯಲ್ಲಿ ರಿಮೋಟ್ ಕಾರುಗಳನ್ನು ರಿಪೇರಿ ಮಾಡುತ್ತಿದ್ದೆ. ಮಕ್ಕಳಾಟದ ಸಾಮಾನು ಎಂದುಕೊಳ್ಳಬೇಡಿ. ಹೊಟ್ಟೆ ಬಂದ ಗಂಡಸರು ಭಾನುವಾರ ಮೈದಾನದಲ್ಲಿ ನಿಂತು ಓಡಿಸಿ, ಸುಟ್ಟು, ಸೋಮವಾರ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದರು. ಅಂಥದೇ ಒಂದು ದೊಡ್ಡ ಟ್ರಕ್ಕಿನ ಮೋಟರು, ಚಕ್ರ ತೆಗೆದು, ಮುಂದೆ ಒಂದು ಸಲಿಕೆ ಕೂರಿಸಿ, ಒಂದು ದೀಪ, ಒಂದು ಕ್ಯಾಮೆರಾ ಹಾಕಿ ಜಿರಳೆಯನ್ನು ಮಾಡಿದೆ. ಮಾಡಿದ್ದು ಅಣ್ಣನಿಗಾಗಿ. ಅದು ಮ್ಯಾನ್‌ಹೋಲಿನೊಳಗೆ ಇಳಿಯಲು ಶುರುಮಾಡಿದ ಮೇಲೆ ಅಣ್ಣ ಇಳಿಯುವುದು ನಿಂತಿತು.

ಅಣ್ಣನಿಗೆ ಕೆಲಸದವರೆಲ್ಲ ಇಟ್ಟ ಹೆಸರು ಕಲ್ಲುಹೊಟ್ಟೆ. ಬೇರೆಯವರು ಮ್ಯಾನ್‌ಹೋಲಿನ ಮುಚ್ಚಳ ತೆಗೆದ ಕೂಡಲೇ ಓಡಿಹೋಗಿ ಗೋಡೆ ಹಿಡಿದು ವಾಂತಿ ಮಾಡಿಕೊಂಡರೆ ಇವನು ಷರಟು ಕಳಚಿ ಮಡಚಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಬಾವಿಗೆ ಕೊಡ ಇಳಿಯುವ ಹಾಗೆ ಇಳಿದುಬಿಡುತ್ತಿದ್ದ. 'ಅವನಿಗೆ ಹೇಸಿಗೆ ಅನ್ನೋದೇ ದೇವರು ಇಟ್ಟಿಲ್ಲ' ಎಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳಿ ಅಟ್ಟಕ್ಕೇರಿಸುವುದು ಲೋಕದ ರೂಢಿ. ಇವರು ಹೊಗಳಿ ಹೊಗಳಿ ಗುಂಡಿಗಿಳಿಸುತ್ತಿದ್ದರು. ಒಂದು ಸಲ ಕೆಳಗಿನ ಕೆಟ್ಟ ಗಾಳಿ ತಲೆಗೇರಿ, ಹಗ್ಗದಲ್ಲಿ ಜೋತುಬಿದ್ದವನನ್ನು ಮೂಟೆಯಂತೆ ಎಳೆದುಹಾಕಿದರು. ಇನ್ನೊಂದು ಸಲ ಹೀಗಾದರೆ ಶ್ವಾಸಕೋಶ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಅತ್ತಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದು, "ನೀನು ಏನಾದ್ರೂ ಮಾಡು. ನನ್ನ ಮಾತು ಅವರ ಕಿವಿಗೆ ಹೋಗಲ್ಲ" ಎಂದಳು. ನಾನು ಮಾಡಿದ್ದೇ ಜಿರಳೆ.

ಈ ಥರದ ಗಾಡಿಗಳಿಗೆ ಒಂದೇ ಶತ್ರು, ಸೆಖೆ. ರಿಮೋಟಿನ ಗುಂಡಿ ಒತ್ತಿದಾಗ ಬ್ಯಾಟರಿಯಿಂದ ಮೋಟರಿಗೆ ಎಷ್ಟು ಬೇಕೋ ಅಷ್ಟನ್ನೇ ಅಳೆದು ಬಿಡಲು ಒಳಗೊಂದು ಚಿಕ್ಕ ಡಬ್ಬಿ ಇರುತ್ತದೆ, ಸ್ಪೀಡ್ ಕಂಟ್ರೋಲರ್. ಗಾಡಿ ಕಷ್ಟಪಟ್ಟಷ್ಟೂ ಅದರ ಮೈ ಕಾಯುತ್ತದೆ. ಮೈದಾನದ ಕಾರಿನಲ್ಲಿ ಅದರ ತಲೆಯ ಮೇಲೆ ಪುಟ್ಟ ಫ್ಯಾನ್ ತಿರುಗಿದರೆ ಸಾಕು, ಹೊರಗಿನ ಗಾಳಿ ಇದೆ. ಚರಂಡಿಗೆ ಇಳಿಯುವ ಗಾಡಿಯಲ್ಲಿ ಎಲ್ಲವನ್ನೂ ನೀರು ಹೋಗದ ಪೆಟ್ಟಿಗೆಯಲ್ಲಿ ಬಿಗಿಯಬೇಕು. ಅಲ್ಲಿ ಫ್ಯಾನ್ ಹಾಕಿದರೆ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಬೀಸುತ್ತಾ ಕೂರುತ್ತದೆ. ಅದಕ್ಕೇ ನಾನು ಡಬ್ಬಿಯನ್ನು ಗಾಡಿಯ ಹೊಟ್ಟೆಯ ಅಲ್ಯೂಮಿನಿಯಂ ತಗಡಿಗೆ ಅಂಟಿಸಿ, ತಗಡಿನ ಕೆಳಮೈಯಲ್ಲಿ ಬಾಚಣಿಗೆಯ ಹಲ್ಲಿನಂತೆ ಏಣುಗಳನ್ನು ಕೊರೆಸಿದ್ದೆ. ಡಬ್ಬಿಯ ಕಾವು ತಗಡಿಗೆ, ತಗಡಿನಿಂದ ಏಣುಗಳಿಗೆ, ಏಣುಗಳಿಂದ ಚರಂಡಿಯ ನೀರಿಗೆ. ಹೊಲಸು ನೀರೇ ಅದಕ್ಕೆ ತಂಪು. ಕೇಳಲು ಅಸಹ್ಯ, ಆದರೆ ಕೆಲಸ ಮಾಡುತ್ತಿತ್ತು. ಅದೇ ನೀರು ಏಣುಗಳ ಸಂದಿಯಲ್ಲಿ ತನ್ನ ಪ್ರಸಾದವನ್ನೂ ಬಿಟ್ಟುಹೋಗುತ್ತಿತ್ತು. ಕೂದಲು, ಜಿಡ್ಡು, ಬಟ್ಟೆಚೂರು, ಹೆಸರು ಹೇಳಬಾರದ್ದು. ಸಂಜೆ ಗಾಡಿಯನ್ನು ಬೋರಲು ಹಾಕಿ, ಕಡ್ಡಿಯಿಂದ ಸಂದಿ ಸಂದಿಯನ್ನೂ ಕೆದಕಿ ತೊಳೆಯುವ ಕೆಲಸ ಅಣ್ಣನದು. ಅವನನ್ನು ಬಿಟ್ಟು ಬೇರೆ ಯಾರಿಗೆ ಹೇಳುವುದು? ಕಲ್ಲುಹೊಟ್ಟೆ ಅಲ್ಲವೇ.

ಇನ್ನು ಬಣ್ಣ ಬಳಿಸಿದ ಮಹಾನುಭಾವ ನಮ್ಮ ಮ್ಯಾನೇಜರ್. ಅವನು ಬರುವ ಮೊದಲು ಅವನ ಸೆಂಟಿನ ವಾಸನೆ ಬರುತ್ತಿದ್ದುದರಿಂದ ನಾವು ಅವನಿಗೆ ಅತ್ತರು ಎನ್ನುತ್ತಿದ್ದೆವು. ಊರಿನ ಹೊಲಸು ತೆಗೆಯುವ ಕಂಪನಿಯ ಮ್ಯಾನೇಜರನಾಗಿ ಆ ಮನುಷ್ಯ ಒಂದು ದಿನವೂ ಮ್ಯಾನ್‌ಹೋಲಿನ ಒಳಗೆ ಬಗ್ಗಿ ನೋಡಿದವನಲ್ಲ. ಕರವಸ್ತ್ರವನ್ನು ಮೂಗಿಗೆ ಹಿಡಿದೇ ನಮ್ಮೊಂದಿಗೆ ಮಾತಾಡುತ್ತಿದ್ದ. ಚರಂಡಿಯ ವಾಸನೆಯನ್ನಾದರೂ ತಡೆಯಬಹುದು, ಅದರ ಮೇಲೆ ಮಲ್ಲಿಗೆ ಸೆಂಟು ಸುರಿದರೆ ಬರುವ ವಾಸನೆ ಇದೆಯಲ್ಲ, ಅದು ನರಕ. ಆ ದಿನ ದೊಡ್ಡ ಅಧಿಕಾರಿಗಳು ಜಿರಳೆಯ ಕೆಲಸ ನೋಡಲು ಬರುವವರಿದ್ದರು. ಅದಕ್ಕೇ ಈ ಸಿಂಗಾರ.

ನಾನು ಹೋಗುವಷ್ಟರಲ್ಲಿ ರಸ್ತೆಯ ಬದಿಗೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳನ್ನು ಹಾಕಿ ಆಗಿತ್ತು. ಮ್ಯಾನ್‌ಹೋಲಿನ ಸುತ್ತ ಹೂಕುಂಡ. ಜಿರಳೆ ನೀಲಿಯಾಗಿ, ಕೊರಳಿಗೊಂದು ರಿಬ್ಬನ್ ಕಟ್ಟಿಸಿಕೊಂಡು ತಳ್ಳುಗಾಡಿಯ ಮೇಲೆ ಕೂತಿತ್ತು.

"ಹೊಟ್ಟೆಗೂ ಬಳಿಸಿದ್ದೀರಾ ಸಾರ್?" ಎಂದೆ.

"ಹೊಟ್ಟೆ, ಬೆನ್ನು, ಎಲ್ಲಾ ಒಂದೇ ಕಲರ್. ನೀಟಾಗಿರ್ಲಿ ಅಂತ" ಎಂದ ಅತ್ತರು, ಕರವಸ್ತ್ರದ ಹಿಂದಿನಿಂದ.

"ಕಾವು ಹೊರಗೆ ಹೋಗೋದೇ ಅಲ್ಲಿಂದ. ಒಂದು ಮಾತು ಕೇಳಬಾರದಿತ್ತಾ?"

"ನೋಡಮ್ಮ, ಬಂದವರು ಮೊದಲು ನೋಡೋದು ಮೈಬಣ್ಣಾನೇ. ಒಳಗಿನ ಕಾವು ಯಾರಿಗೆ ಕಾಣುತ್ತೆ?"

ಮೇಲೆ ಥಳುಕು, ಒಳಗೆ ಹುಳುಕು ಎನ್ನುವ ಗಾದೆಯನ್ನು ಯಾರೋ ಇವನನ್ನು ನೋಡಿಯೇ ಕಟ್ಟಿರಬೇಕು. ನಾನು ಅಣ್ಣನ ಕಡೆ ತಿರುಗಿದೆ. ಬಣ್ಣ ಬಳಿಯುವಾಗ ಪಕ್ಕದಲ್ಲಿ ಇದ್ದವನು ಅವನೇ. ಅವನು ನನ್ನ ಮುಖ ನೋಡದೆ, ಹಗ್ಗದ ಸುರುಳಿ ಬಿಚ್ಚುತ್ತಾ, "ಬಣ್ಣ ತೆಳ್ಳಗೇ ಇದೆ ಬಿಡು ಮರಿ. ಏನಾಗಲ್ಲ" ಎಂದ. ಅಣ್ಣ ಹೇಳಿದ ಮೇಲೆ ಮುಗಿಯಿತು. ನಾನು ಗಾಡಿಯನ್ನು ಮಗುಚಿ ನೋಡುವ ಗೋಜಿಗೆ ಹೋಗಲಿಲ್ಲ.

ಅಧಿಕಾರಿಗಳು ಬರುವ ಮೊದಲು ಒಮ್ಮೆ ಓಡಿಸಿ, ಪೈಪಿನಲ್ಲಿ ಕಟ್ಟಿಕೊಂಡಿದ್ದ ರಾಡಿಯನ್ನು ಸ್ವಲ್ಪ ಸಡಿಲ ಮಾಡಿಡುವುದು ಅತ್ತರಿನ ಉಪಾಯ. ಆಮೇಲೆ ಅವರ ಮುಂದೆ ಜಿರಳೆ ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಹೋಗಬೇಕು. ಮೇಲಿನ ಮ್ಯಾನ್‌ಹೋಲಿನಲ್ಲಿ ದೊಡ್ಡ ರಬ್ಬರಿನ ಗಾಳಿಚೀಲ ಉಬ್ಬಿಸಿ, ಕ್ಯಾಮೆರಾಗೆ ದಾರಿ ಕಾಣಲೆಂದು ಬರುವ ನೀರನ್ನು ಅಲ್ಲೇ ತಡೆದಿದ್ದೆವು. ಡ್ರೈವರ್ ಅಲ್ಲಿ ಅದರ ವಾಲ್ವ್ ಕಾಯುತ್ತಾ ನಿಂತಿದ್ದ. ಈಚೆಗೆ ಪೈಪು ಬರಿದಾಗಿ ತಳದಲ್ಲಿ ಲೋಳೆ ಮಾತ್ರ ಉಳಿದಿತ್ತು. ಸ್ವಲ್ಪ ಹೊತ್ತಿನ ಓಟಕ್ಕೆ ಏಣುಗಳಿಗೆ ಅಷ್ಟು ತಂಪು ಸಾಕಾಗುತ್ತಿತ್ತು. ಜಿರಳೆಯನ್ನು ಕೆಳಗಿಳಿಸಿದೆವು. ನೀರಿನಲ್ಲಿ ರಿಮೋಟಿನ ಮಾತು ಹೋಗುವುದಿಲ್ಲ ಎಂದು ಅದರ ಏರಿಯಲ್ ತಂತಿಯನ್ನು ಹಿಂದಿನ ಹಗ್ಗದ ಜೊತೆಗೇ ಮೇಲಿನವರೆಗೂ ಎಳೆದಿದ್ದೆ. ರಿಮೋಟಿನ ಪರದೆಯಲ್ಲಿ ಪೈಪಿನ ಗೋಡೆ ಕಂಡಿತು, ಹಸಿರು, ಕಪ್ಪು, ಜೋತುಬಿದ್ದ ಬೂಷ್ಟು. ಒಂದು ಹೆಗ್ಗಣ ದೀಪಕ್ಕೆ ಹೆದರಿ ನಮ್ಮತ್ತ ನೋಡಿ ಹಿಂದೆ ಓಡಿತು. ಆಮೇಲೆ ರಾಡಿಯ ಗೋಡೆ. ಊರಿನವರು ತಿಂದು, ಉಜ್ಜಿ, ಒರೆಸಿ, ಇದು ನಮ್ಮದಲ್ಲ ಎಂದು ಬಿಟ್ಟದ್ದೆಲ್ಲ ಅಲ್ಲಿ ಒಂದಾಗಿ ಕೂತಿತ್ತು. ನಾನು ಸಲಿಕೆ ಚುಚ್ಚಿ ತಳ್ಳಿದೆ. ಮೋಟರ್ ನರಳಿತು. ಇನ್ನೂ ತಳ್ಳಿದೆ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಮಿಟುಕಿ ಮೋಟರ್ ನಿಂತುಹೋಯಿತು.

ಕೆಂಪು ಚುಕ್ಕೆ ಎಂದರೆ ಕಂಟ್ರೋಲರ್ ಕಾದು ತಾನೇ ಬಾಯಿ ಮುಚ್ಚಿಕೊಂಡಿದೆ ಎಂದರ್ಥ. ತಣ್ಣಗಾಗದೆ ಅದು ಮಾತು ಕೇಳುವುದಿಲ್ಲ. ಇಷ್ಟು ಬೇಗ ಅದು ಹಾಗೆ ಯಾವತ್ತೂ ಕಾದಿರಲಿಲ್ಲ. ಹಗ್ಗ ಹಿಡಿದು ಎಳೆದೆವು. ಅದು ಪೈಪಿನ ಯಾವುದೋ ಒಡಕು ಅಂಚಿಗೆ ಸಿಕ್ಕಿಕೊಂಡು ಎಳೆದಷ್ಟೂ ಬಿಗಿಯಾಯಿತು.

"ಎಷ್ಟು ಹೊತ್ತು?" ಅತ್ತರು ಕೇಳಿದ.

"ಗೊತ್ತಿಲ್ಲ ಸಾರ್. ಒಳಗೆ ಸೆಖೆ, ನೀರೂ ಇಲ್ಲ. ತಾನಾಗಿ ಆರಬೇಕು."

"ಅವರು ಹೊರಟಾಯ್ತಂತೆ. ಕಾಯ್ಕೊಂಡು ಕೂರೋಕಾಗುತ್ತಾ?" ಎಂದವನು ಅಣ್ಣನ ಹೆಗಲಿನ ಬಳಿ ಕೈ ತಂದ. ಮುಟ್ಟಲಿಲ್ಲ, ಮುಟ್ಟುವಂತೆ ಮಾಡಿದ. "ನಮ್ಮ ಕಲ್ಲುಹೊಟ್ಟೆ ಇರುವಾಗ ಚಿಂತೆ ಏಕೆ? ಒಂದೇ ಉಸಿರಲ್ಲಿ ಹೋಗಿ ತಂದುಬಿಡ್ತಾನೆ. ಅವನಿಗೆ ಇದೆಲ್ಲ ಮನೆ ಇದ್ದ ಹಾಗೆ. ಅಲ್ವೇನಯ್ಯಾ?"

ನನಗೆ ಬಂದ ವಾಕರಿಕೆ ಚರಂಡಿಯದಲ್ಲ. ಅಂದರೆ ಮನುಷ್ಯನೊಬ್ಬನನ್ನು ಸಾಯಲು ಕಳಿಸುವ ಮಾತು ಇಷ್ಟು ಸುವಾಸನೆಯಾಗಿ ಬರಬಹುದು. ಅದಕ್ಕಿಂತ ಹೇಸಿಗೆಯಾದದ್ದು ಅಣ್ಣ ಆಗಲೇ ಷರಟಿನ ಗುಂಡಿ ಬಿಚ್ಚತೊಡಗಿದಾಗ. ಷರಟು ಕಳಚಿ ಮಡಚಿದ. ಹೂಕುಂಡದ ಮೇಲೆ ಇಟ್ಟ.

"ಅಣ್ಣಾ, ಬುದ್ಧಿ ನೆಟ್ಟಗಿದೆಯಾ? ಡಾಕ್ಟರ್ ಏನಂದ್ರು?"

"ನನ್ನಿಂದಲೇ ನಿಂತಿದ್ದು ಮರಿ" ಎಂದ ಮೆಲ್ಲಗೆ. ನನಗೆ ಅದು ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಪುರಸೊತ್ತೂ ಇರಲಿಲ್ಲ.

ಅವನ ಕೈಗಿಂತ ನಾನು ಚುರುಕು. ಹೋಗಿ ಮ್ಯಾನ್‌ಹೋಲಿನ ಬಾಯಿಗೆ ಅಡ್ಡಲಾಗಿ, ಕಾಲು ಒಳಗೆ ಇಳಿಬಿಟ್ಟು ಕೂತುಬಿಟ್ಟೆ. ರಿಮೋಟ್ ತೊಡೆಯ ಮೇಲೆ. ಇನ್ನು ಇಳಿಯಬೇಕಾದವನು ನನ್ನ ತಲೆಯ ಮೇಲೆ ಕಾಲಿಟ್ಟೇ ಇಳಿಯಬೇಕು. ಕೆಳಗಿನಿಂದ ಬರುತ್ತಿದ್ದ ಉಗುರುಬೆಚ್ಚನೆಯ ಹಬೆ ಕಾಲಿಗೆ ತಾಗಿ ಮೈ ಜುಮ್ಮೆಂದಿತು.

"ಏಳಮ್ಮ, ಇದೇನು ನಾಟಕ!" ಎಂದ ಅತ್ತರು.

"ಡ್ರೈವರಣ್ಣಾ, ಚೀಲದ ಗಾಳಿ ಬಿಡು!" ಎಂದು ನಾನು ಮೇಲುಗಡೆಗೆ ಕೂಗಿದೆ. ಜ್ವರ ಬಂದವನ ಹಣೆಗೆ ಒದ್ದೆಬಟ್ಟೆ ಹಾಕುವುದಿಲ್ಲವೇ, ಹಾಗೆ ಜಿರಳೆಗೆ ಬೇಕಾದದ್ದು ನೀರು. ಆ ನೀರೆಲ್ಲ ಚೀಲದ ಹಿಂದೆ ತುಂಬಿ ನಿಂತಿತ್ತು.

"ಬಿಟ್ಟೀಯ ಜೋಕೆ!" ಅತ್ತರು ಕರವಸ್ತ್ರ ತೆಗೆದೇ ಕಿರುಚಿದ. "ಮುಂದೆ ಪೈಪು ಕಟ್ಟಿಕೊಂಡಿದೆ. ಎಲ್ಲಾ ಉಕ್ಕಿ ರಸ್ತೆಗೆ ಬರುತ್ತೆ. ಕುರ್ಚಿ ಇದೆ ಇಲ್ಲಿ, ಜನ ಬರ್ತಿದ್ದಾರೆ!"

ಡ್ರೈವರ್ ಕಂಬದಂತೆ ನಿಂತ. ಅವನ ತಪ್ಪಲ್ಲ, ಶಂಖದಿಂದ ಬಂದರೇ ತೀರ್ಥ. ನಾನು ಎದ್ದು ಅಲ್ಲಿಗೆ ಓಡಿದರೆ ಈ ಬಾಯಿ ಖಾಲಿಯಾಗುತ್ತದೆ, ಅಣ್ಣ ಇಳಿಯುತ್ತಾನೆ. ನನಗೆ ಅಳು ಬಂತು, ಸಿಟ್ಟಿನ ಅಳು.

"ನೀನೇ ಹೋಗಿ ಬಿಡು ಅಣ್ಣಾ" ಎಂದೆ. "ಇಲ್ಲಾಂದ್ರೆ ನನ್ನನ್ನ ಒಳಗೆ ತಳ್ಳಿ ಇಳಿ. ಆಮೇಲೆ ಅತ್ತಿಗೆಗೆ ಏನು ಹೇಳಬೇಕು ಅಂತ ಸಾರನ್ನೇ ಕೇಳ್ಕೋ."

ಅಣ್ಣ ನನ್ನನ್ನು ನೋಡಿದ. ಅತ್ತರನ್ನು ನೋಡಿದ. ಹುಕುಂ ಮೀರಿ ಗೊತ್ತಿಲ್ಲದ ಮನುಷ್ಯ ಅವನು. ಎರಡು ಸಲ ಕೈ ಒರೆಸಿಕೊಂಡ. ಆಮೇಲೆ ಹೂಕುಂಡದ ಮೇಲಿದ್ದ ಷರಟು ಎತ್ತಿಕೊಂಡು, ಹೆಗಲಿಗೆ ಹಾಕಿ, ಮೇಲಿನ ಮ್ಯಾನ್‌ಹೋಲಿನ ಕಡೆ ನಡೆದ. ಅತ್ತರು ಹಿಂದೆಯೇ ಕೂಗುತ್ತಾ ಹೋಗಿ, ಒಂದು ಕೆಸರಿನ ಹೊಂಡ ಅಡ್ಡ ಬಂದ ಕೂಡಲೇ ಅಲ್ಲಿಗೇ ನಿಂತ.

ಗಾಳಿ ಬುಸ್ಸೆಂದು ಹೋದದ್ದು ಇಲ್ಲಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕೆಳಗೆ ಗುಡುಗುಡು ಸದ್ದು. ಪರದೆ ಕಂದು ಬಣ್ಣಕ್ಕೆ ತಿರುಗಿ ಕುರುಡಾಯಿತು. ರಾಡಿಯ ಗೋಡೆಗೆ ಬಡಿದ ನೀರು ದಾರಿ ಕಾಣದೆ ನನ್ನ ಗುಂಡಿಯಲ್ಲೇ ಏರತೊಡಗಿತು. ಪಾದಕ್ಕೆ ಬಂತು. ಮೊಣಕಾಲಿಗೆ ಬಂತು. ಏನೇನೋ ಮೆತ್ತಗೆ ಕಾಲಿಗೆ ತಾಗಿ, ಸ್ವಲ್ಪ ಹೊತ್ತು ಅಂಟಿಕೊಂಡು ನಿಂತು, ಹೋಗುತ್ತಿದ್ದವು. ನಾನು ಕೆಳಗೆ ನೋಡಲಿಲ್ಲ. ಉಸಿರು ಬಿಗಿಹಿಡಿದು ಕೆಂಪು ಚುಕ್ಕೆಯೊಂದನ್ನೇ ನೋಡಿದೆ. ರಿಮೋಟನ್ನು ಎದೆಯ ಮಟ್ಟಕ್ಕೆ ಎತ್ತಿಹಿಡಿದೆ. ನೀರು ಉಕ್ಕಿ ನನ್ನ ಸೊಂಟ ತೋಯಿಸಿ ರಸ್ತೆಗೆ ಹರಿಯಿತು, ಹೂಕುಂಡಗಳನ್ನು ಬಳಸಿಕೊಂಡು ಬಿಳಿ ಬಟ್ಟೆಯ ಅಂಚಿಗೆ ಹೋಗಿ ಮುಟ್ಟಿತು. ರಸ್ತೆಯ ತಿರುವಿನಲ್ಲಿ ಒಂದು ಕಾರು ಕಾಣಿಸಿತು, ನಿಂತಿತು, ಗಾಜು ಏರಿಸಿಕೊಂಡಿತು, ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಕ್ಕೆ ಹೋಯಿತು.

ಚುಕ್ಕೆ ಮಿಟುಕಿತು, ಮಿಟುಕಿತು, ಆರಿತು. ರಿಮೋಟಿನಲ್ಲಿ ಹಿಂದಕ್ಕೆ ಓಡಿಸುವ ಗುಂಡಿಯನ್ನು ಮೆಲ್ಲಗೆ ಒತ್ತಿದೆ. ಹಗ್ಗ ಸಡಿಲವಾಯಿತು. ಗಾಡಿ ಹಿಂದೆ ಹಿಂದೆ ಬರುತ್ತಿದೆ! ನನಗೆ ಬಾಯಿಬಿಟ್ಟು ಕೂಗಬೇಕೆನಿಸಿತು, ಆದರೆ ಬಾಯಿ ತೆರೆಯುವ ಜಾಗವಾಗಿರಲಿಲ್ಲ ಅದು. ಅಣ್ಣನೂ ಡ್ರೈವರೂ ಮತ್ತೆ ಚೀಲ ಉಬ್ಬಿಸಿ ಓಡಿ ಬಂದು, ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿ, ಜಿರಳೆಯನ್ನು ಎಳೆದು ಮೇಲಕ್ಕೆ ಹಾಕಿದರು. ನೀಲಿ ಎಲ್ಲೂ ಕಾಣುತ್ತಿರಲಿಲ್ಲ.

ಅತ್ತರಿನ ಬೂಟು ಹಾಳಾಗಿತ್ತು. "ನಿಮ್ಮಿಬ್ಬರನ್ನೂ ನೋಡ್ಕೋತೀನಿ" ಎಂದು ಹಾರಾಡುತ್ತಿದ್ದ. ನಾನು ಕಿವಿಗೆ ಹಾಕಿಕೊಳ್ಳದೆ ಗಾಡಿಯನ್ನು ಮಗುಚಿ, ಹೊಟ್ಟೆಯ ಬಣ್ಣವನ್ನು ಕೆರೆಗತ್ತಿಯಿಂದ ಕೆರೆದೆ. ಏಣುಗಳೇ ಇಲ್ಲ. ಅಂಗೈಯಂತೆ ಸಪಾಟು. ಬಣ್ಣದ ಕೆಳಗೆ ಬೂದು ಬಣ್ಣದ ಗಟ್ಟಿ ಪದಾರ್ಥ, ಗುಜರಿ ಕಾರಿನ ತಗ್ಗು ಮುಚ್ಚಲು ಮೆತ್ತುತ್ತಾರಲ್ಲ, ಆ ಪುಟ್ಟಿ. ಸಂದಿ ಸಂದಿಗೂ ತುಂಬಿಸಿ, ಉಜ್ಜಿ ನುಣುಪು ಮಾಡಿ, ಮೇಲೆ ಬಣ್ಣ ಹೊಡೆದಿದ್ದಾರೆ. ಪಾಪದ ಕಂಟ್ರೋಲರ್ ಕಂಬಳಿ ಹೊದ್ದುಕೊಂಡು ಓಡಿದ ಹಾಗೆ ಓಡಿತ್ತು.

"ಪುಟ್ಟಿ ತುಂಬಿಸಿದ್ದೀರಲ್ಲ, ನಿಮಗೆ ನಾಚಿಕೆ ಆಗಲ್ವಾ?" ಎಂದು ಅತ್ತರಿನ ಮೇಲೆ ಎಗರಿದೆ.

"ನಾನ್ಯಾಕೆ ತುಂಬಿಸಲಿ? ಬಣ್ಣ ಅಷ್ಟೇ ಹೇಳಿದ್ದು ನಾನು."

"ನಾನು ತುಂಬಿಸಿದ್ದು" ಎಂದ ಅಣ್ಣ.

ಅವನ ಮುಖ ಕಪ್ಪಿಟ್ಟಿತ್ತು. "ತಗಡು ನೀರಿಗೆ ತಾಗಿದ್ರೆ ಸಾಕು ಅಂದ್ಕೊಂಡೆ. ಸಪಾಟಾಗಿದ್ರೆ ಒಂದು ಸಲ ನೀರು ಹಾಯ್ಸಿ ಒರೆಸಿಬಿಡಬಹುದು. ಕಡ್ಡಿ ಹಿಡಿದು ಕೆದಕೋದು ಬೇಡ ಅಂತ."

"ಕೆದಕೋದು ಅಷ್ಟು ಕಷ್ಟ ಆಗಿತ್ತಾ? ಒಳಗೇ ಇಳೀತಿದ್ದವನು ನೀನು!"

"ಒಳಗೆ ಕತ್ತಲೆ ಮರಿ. ಏನು ಮುಟ್ತಿದ್ದೀನಿ ಅಂತ ಕಾಣ್ತಿರ್ಲಿಲ್ಲ. ತೊಳೆಯೋವಾಗ ಎಲ್ಲಾ ಕಾಣುತ್ತೆ."

ನಾನು ಕೈಯಲ್ಲಿದ್ದ ಕೆರೆಗತ್ತಿಯನ್ನು ಕೆಳಗಿಟ್ಟೆ. ಅತ್ತರು ಬಿಡಲಿಲ್ಲ. ನೆಲದ ಮೇಲಿದ್ದ ಕೆರೆಗತ್ತಿಯನ್ನು ಬೂಟಿನ ತುದಿಯಿಂದ ಅಣ್ಣನ ಕಡೆ ತಳ್ಳಿ, "ಕೆಲಸಗಳ್ಳತನಕ್ಕೆ ಏನೆಲ್ಲ ಹೆಸರು! ತೆಗಿ, ಕೂತ್ಕೊಂಡು ಎಲ್ಲಾ ಕೆದಕಿ ತೆಗಿ. ನಿನಗೆಲ್ಲಿಯ ಹೇಸಿಗೆ?" ಎಂದ.

ಅಣ್ಣ ಕೆರೆಗತ್ತಿಯನ್ನು ಮುಟ್ಟಲಿಲ್ಲ. "ನಂಗೆ ಹೇಸಿಗೆ ಆಗುತ್ತೆ ಸಾರ್" ಎಂದ. "ಮೊದಲ ದಿನದಿಂದಲೂ ಆಗ್ತಿತ್ತು. ಇಳಿಯೋವಾಗ ಪ್ರತಿ ಸಲ ಆಗ್ತಿತ್ತು. ನೀವೆಲ್ಲ ಆಗಲ್ಲ ಆಗಲ್ಲ ಅಂತಿದ್ರಿ. ನಾನು ಸುಮ್ಮನಿರ್ತಿದ್ದೆ."

ಡ್ರೈವರ್ ತಮಾಷೆ ಎಂದುಕೊಂಡು ನಕ್ಕ. ಅಣ್ಣ ನಗಲಿಲ್ಲ. ಡ್ರೈವರನ ನಗು ಅರ್ಧಕ್ಕೇ ನಿಂತಿತು. ಅತ್ತರು ಕರವಸ್ತ್ರವನ್ನು ಹುಡುಕಿ ಮೂಗಿಗೆ ಹಿಡಿದುಕೊಂಡು, ಬೂಟು ತೊಳೆಯಲು ಎಲ್ಲಿ ನೀರಿದೆ ಎಂದು ಯಾರನ್ನೋ ಕೇಳುತ್ತಾ ಹೋದ.

ಎಷ್ಟೋ ಜನರ ಮೇಲೆ ಉಗಿಯಬೇಕೆನಿಸಿತು ನನಗೆ, ಆ ಜನರಲ್ಲಿ ಊರೆಲ್ಲ ಇತ್ತು. ಉಗಿಯಲಿಲ್ಲ. ಕೆರೆಗತ್ತಿ ತೆಗೆದುಕೊಂಡು ಕೂತೆ. ಡ್ರೈವರ್ ನೀರಿನ ಪೈಪು ತಂದು ಹಿಡಿದ, ಆಮೇಲೆ ತಾನೂ ಒಂದು ಮೊಳೆ ಹುಡುಕಿಕೊಂಡು ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತ. ಪುಟ್ಟಿ ಎದ್ದು ಬಂದ ಕಡೆಯೆಲ್ಲ ಅದರ ಕೆಳಗೆ ಹಳೆಯ ಹೊಲಸು ಹಾಗೇ ಇತ್ತು. ಅಣ್ಣ ಅದನ್ನೂ ಕೆದಕಲಾರದೆ ಮೇಲಿಂದ ಮುಚ್ಚಿಬಿಟ್ಟಿದ್ದ. ಒಂದು ಸಂದಿಯಿಂದ ಹೊರಬಂದದ್ದನ್ನು ನೋಡಿ ನಾನು ಎದ್ದುಹೋಗಿ ವಾಂತಿ ಮಾಡಿ ಬಂದೆ. ಡ್ರೈವರ್ ಅಮ್ಮ, ಅಪ್ಪ, ಅಜ್ಜಿ ಎಲ್ಲರನ್ನೂ ಕರೆದು ಬೈಯುತ್ತಾ ಕೆದಕಿದ.

ಅಣ್ಣ ಬಂದು ನನ್ನ ಪಕ್ಕದಲ್ಲಿ ಬಗ್ಗಿದ. "ಕೊಡು ಮರಿ" ಎಂದು ಕೈ ಚಾಚಿದ. ಮುಖ ಮಾತ್ರ ಆಚೆಗೆ ತಿರುಗಿತ್ತು.

"ಹೋಗಣ್ಣಾ. ದೂರ ನಿಂತ್ಕೋ" ಎಂದೆ.

ಅವನು ಹಿಂದೆ ಹಿಂದೆ ಸರಿದು, ಬಿಳಿ ಬಟ್ಟೆಯ ಕುರ್ಚಿಗಳ ಸಾಲು ದಾಟಿ, ಗೋಡೆಯ ಪಕ್ಕಕ್ಕೆ ಹೋಗಿ ನಿಂತ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ನೋಡಿದ. ಆಮೇಲೆ ಹೆಗಲ ಮೇಲಿನ ಷರಟನ್ನು ಎರಡೂ ಕೈಯಿಂದ ಎತ್ತಿ ಮೂಗು ಮುಚ್ಚಿಕೊಂಡ.